ಪ್ಲೇಟು ಯಾರದು, ಹಾಡು ಯಾರದು?

"ಅಕ್ಕಾರ, ಹಳೇ ಹಾಡು ಮೊಬೈಲ್‌ನ್ಯಾಗ ಹಾಕಿದ್ರ ಕೇಸ್ ಆಗ್ತೈತಂತ. ಖರೇನೇನ್ರಿ?"

ಬೆಳೆ ವಿಮೆ ಯಾವಾಗ ಬರುತ್ತದೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಎಷ್ಟು ಎಂಬ ಪ್ರಶ್ನೆ ಬಿಟ್ಟರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚು ಕೇಳುವುದು ಇದನ್ನೇ. ಕಾರಣ ಇಷ್ಟೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಅಂತ ಸುದ್ದಿಗಾಗಿ ತಿರುಗುವ ನಾನು ಹಳೆಯ ಗ್ರಾಮಾಫೋನ್ ಪ್ಲೇಟುಗಳನ್ನೂ ಕೂಡಿಸುತ್ತೇನೆ. ಪೊಲೀಸ್ ಠಾಣೆಯ ಸುದ್ದಿ ಬರೆಯುವವರು, ಹಾಡಿನ ಪ್ಲೇಟು ಇಟ್ಟುಕೊಂಡವರು, ಇವರಿಗೆ ಹಾಡಿನ ಕಾನೂನೂ ಗೊತ್ತಿರಲೇಬೇಕು ಎಂದು ಜನ ನಂಬಿದ್ದಾರೆ. ಆ ನಂಬಿಕೆಗಾಗಿಯೇ ನಾನು ಕಾನೂನು ಓದಿಕೊಂಡೆ. ಓದಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ಲೇಟಿನ ಮಾತು. ಮೊಬೈಲಿನಲ್ಲೇ ಹಾಡು ಕೇಳಿ ಬೆಳೆದ ಹುಡುಗರಿಗಾಗಿ ಹೇಳುತ್ತೇನೆ. ಕರಿಯ, ಭಾರವಾದ, ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ ಅದು. ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಒಂದು ಮಗ್ಗುಲಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ ನಿಮಿಷ ಹಾಡು. ಕೈಜಾರಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತದೆ. ಯಾಕೆಂದರೆ ಅದು ಪ್ಲಾಸ್ಟಿಕ್ ಅಲ್ಲ, ಅರಗು. ಮುತ್ತುಗದಂಥ ಮರಗಳ ಮೇಲೆ ಪುಟ್ಟ ಹುಳ ಕಟ್ಟುವ ಅರಗನ್ನು ಶುದ್ಧ ಮಾಡಿ, ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಜಗತ್ತಿನ ಪ್ಲೇಟುಗಳಿಗೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಎರಡನೇ ಮಹಾಯುದ್ಧದಲ್ಲಿ ಅದು ಸಿಗುವುದು ಕಷ್ಟವಾದಾಗ, 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟಿಗೆ ಅರಗು ಬಳಸುವುದಕ್ಕೆ ಕಡಿವಾಣ ಹಾಕಿತು. ಅಲ್ಲಿಯ ಜನ ಮನೆಯಲ್ಲಿದ್ದ ಹಳೆ ಪ್ಲೇಟುಗಳನ್ನು ಗುಜರಿಗೆ ಕೊಟ್ಟರು. ಎಷ್ಟೋ ಹಾಡು ಹಾಗೆ ಕರಗಿ ಹೋದವು.

ನಮ್ಮಲ್ಲಿ ಯುದ್ಧ ಬೇಕಾಗಲಿಲ್ಲ. ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗೆ ಬರುತ್ತದೆ, ಅಲ್ಲಿಂದ ನೇರ ಗುಜರಿ ಅಂಗಡಿಗೆ. ನನ್ನ ಹತ್ತಿರ ಇರುವ ಪ್ಲೇಟುಗಳಲ್ಲಿ ಅರ್ಧದಷ್ಟು ಬಂದದ್ದು ಗುಜರಿಯಿಂದಲೇ. ಒಂದಕ್ಕೆ 50 ರೂಪಾಯಿಯಿಂದ 300 ರೂಪಾಯಿವರೆಗೆ ಕೊಟ್ಟಿದ್ದೇನೆ. ವರದಿಗಿಷ್ಟು ಎಂದು ದುಡ್ಡು ಎಣಿಸುವ ಸ್ಟ್ರಿಂಗರ್‌ಗೆ ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ಈ ಪ್ಲೇಟುಗಳಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು.

ಭಾರತದಲ್ಲಿ ಪ್ಲೇಟಿಗೆ ಹಾಡಿದ ಮೊದಲ ದೊಡ್ಡ ಗಾಯಕಿ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಆಕೆಯ ದನಿ ಹಿಡಿದ. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡು ಎಂದು ಗುರುತು ಸಿಗಲಿ ಎಂದು ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಆಕೆ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ.

ನಮ್ಮ ಕಡೆಯ ಮಾತಿಗೆ ಬಂದರೆ, ಧಾರವಾಡದ ಮಗ್ಗುಲಿನ ಮನಸೂರಿನ ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ಲೇಟುಗಳಿಗೆ ಹಾಡಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹಾನಗಲ್ ಎಂಬ ಊರಿನ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿದ ಗಂಗೂಬಾಯಿ ಅವರ ಆಗಿನ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ನಾವೆಲ್ಲ ರೇಡಿಯೊದಲ್ಲಿ ಕೇಳಿದ ಗಂಗೂಬಾಯಿ ದನಿ ಗಡಸು, ಗಂಡು ದನಿಯ ಹಾಗೆ. ಆದರೆ ಆ ಪ್ಲೇಟಿನಲ್ಲಿ ಇರುವುದು ತೆಳ್ಳಗಿನ, ಏರುದನಿಯ ಎಳೆ ಹುಡುಗಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಬದಲಾಯಿತು. ಆ ಮೊದಲಿನ ದನಿ ಹೇಗಿತ್ತು ಎನ್ನುವುದಕ್ಕೆ ಆ ಅರಗಿನ ಬಿಲ್ಲೆಗಳೇ ಸಾಕ್ಷಿ. ಅವೂ ಹೋದರೆ ಸಾಕ್ಷಿ ಹೋದ ಹಾಗೆ.

ಈಗ ಕಾನೂನು.

ಹೋದ ವರ್ಷ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಭಜನಾ ಮೇಳದವರು ಶ್ರಾವಣ ಸೋಮವಾರ ಹಾಡಿದ ಎರಡು ಶರೀಫರ ಪದಗಳನ್ನು ವಿಡಿಯೊ ಮಾಡಿ ಮೊಬೈಲಿನಲ್ಲಿ ಹಾಕಿದರು. ಎರಡೇ ದಿನಕ್ಕೆ ಇಂಗ್ಲಿಷಿನಲ್ಲಿ ಸಂದೇಶ ಬಂತು: ಈ ಹಾಡಿನ ಹಕ್ಕು ಒಂದು ಕಂಪನಿಯದು, ನಿಮ್ಮ ವಿಡಿಯೊದ ಮೇಲೆ ಅವರು ಹಕ್ಕು ಕೇಳಿದ್ದಾರೆ. ಮೇಳದ ಹಿರಿಯರು ಹೆದರಿ ವಿಡಿಯೊ ತೆಗೆಸಿಬಿಟ್ಟರು. ನನಗೆ ಫೋನು ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು.

"ಶಿಶುನಾಳದ ಅಜ್ಜನ ಪದಕ್ಕ ಮಾಲಕರು ಯಾರ್ರೀ ಅಕ್ಕಾರ? ನಮ್ಮ ಮುತ್ಯಾನ ಕಾಲದಿಂದ ಹಾಡ್ಕೋಂತ ಬಂದೇವಿ."

ಉತ್ತರ ಹೇಳಬೇಕೆಂದರೆ ಹಾಡನ್ನು ಮೂರು ಪದರವಾಗಿ ಬಿಡಿಸಬೇಕು. ಒಂದು, ಮಾತು. ಎರಡು, ಧಾಟಿ. ಮೂರು, ಧ್ವನಿಮುದ್ರಣ, ಅಂದರೆ ಪ್ಲೇಟು, ಕ್ಯಾಸೆಟ್ಟು, ಸಿಡಿಯಲ್ಲಿ ಹಿಡಿದಿಟ್ಟ ದನಿ. ಮೂರಕ್ಕೂ ಬೇರೆ ಬೇರೆ ಹಕ್ಕು, ಬೇರೆ ಬೇರೆ ಲೆಕ್ಕ. ಹೊಲ ಒಬ್ಬರದು, ಬೆಳೆ ಕೋರಿಗೆ ಮಾಡಿದವರದು, ಚೀಲ ದಲಾಲರದು ಇದ್ದ ಹಾಗೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಮಾತಿಗೂ ಧಾಟಿಗೂ, ಕಟ್ಟಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಮೊದಲು ಇದು 50 ವರ್ಷವೇ ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಕಾಯ್ದೆಗೆ 1992ರ ತಿದ್ದುಪಡಿ ಬಂದು 60 ಆಯಿತು. ಲೆಕ್ಕ ಸುಲಭ: ತೀರಿಕೊಂಡ ವರ್ಷಕ್ಕೆ ಅಥವಾ ಪ್ಲೇಟು ಹೊರಬಂದ ವರ್ಷಕ್ಕೆ 60 ಕೂಡಿಸಿ. ಬಂದ ವರ್ಷದ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯುತ್ತದೆ.

ಒಂದು ಹಾಡನ್ನೇ ತೆಗೆದುಕೊಳ್ಳೋಣ. 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು, 1978ರಲ್ಲಿ ಬಂತು. ಬರೆದವರು ನಿಸಾರ್ ಅಹಮದ್, ತೀರಿಕೊಂಡದ್ದು 2020ರಲ್ಲಿ. ಮಾತಿನ ಹಕ್ಕು 2080ರವರೆಗೆ. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ, ತೀರಿಕೊಂಡದ್ದು 1995ರಲ್ಲಿ. ಧಾಟಿಯ ಹಕ್ಕು 2055ರವರೆಗೆ. ಆ ಕ್ಯಾಸೆಟ್ಟಿನ ಧ್ವನಿಯ ಹಕ್ಕು 2038ರವರೆಗೆ. ಒಂದೇ ಹಾಡು, ಮೂರು ತಾರೀಕು.

ಶರೀಫರಿಗೆ ಬನ್ನಿ. ಅವರು ದೇಹ ಬಿಟ್ಟದ್ದು 1889ರಲ್ಲಿ. ಅವರ ಮಾತಿಗೆ ಇವತ್ತು ಮಾಲೀಕರಿಲ್ಲ, ಅಂದರೆ ನಾವೆಲ್ಲರೂ ಮಾಲೀಕರೇ. ಆದರೆ ಆ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ಅವರು ಸ್ವಂತ ಕಟ್ಟಿದ ಧಾಟಿಗಳ ಹಕ್ಕು 2069ರವರೆಗೆ ಇದೆ. ಅವರೇ ಸಂಗೀತ ಕೊಟ್ಟ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದದ್ದು 1990ರಲ್ಲಿ. ಅದರ ಧ್ವನಿಮುದ್ರಣದ ಹಕ್ಕು 2050ರವರೆಗೆ. ಹಾಗಾಗಿ ಶರೀಫರ ಪದವನ್ನು ಪರಂಪರೆಯ ಧಾಟಿಯಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಡ. ಹಕ್ಕು ಮುಗಿಯದ ಧಾಟಿಯಲ್ಲಿ ಹಾಡಿ ವಿಡಿಯೊ ಹಾಕಿದರೆ, ಇಲ್ಲವೇ ಯಾರೋ ಹಾಡಿದ ಸಿಡಿಯನ್ನು ಹಿಂದೆ ಹಚ್ಚಿ ವಿಡಿಯೊ ಮಾಡಿದರೆ ಅಪ್ಪಣೆ ಬೇಕು.

ನಾನು ಆ ಹಳ್ಳಿಗೆ ಹೋಗಿ ವಿಡಿಯೊ ಕೇಳಿದೆ. ಒಂದು ಪದ ಅವರ ಗುರುಗಳು ಕಲಿಸಿದ ಹಳೆ ಧಾಟಿಯಲ್ಲಿತ್ತು. ಇನ್ನೊಂದು ಕ್ಯಾಸೆಟ್ ಕೇಳಿ ಕಲಿತ ಧಾಟಿ. ಎರಡನೆಯದರಲ್ಲಿ ಹಕ್ಕು ಕೇಳುವವರಿಗೆ ಒಂದು ಆಧಾರ ಇತ್ತು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಹಾಡುಗಳನ್ನು ಹೋಲಿಸಿ ನೋಡುವುದು ಮನುಷ್ಯರಲ್ಲ, ಯಂತ್ರ. ಮಾತು ಹೊಂದಿತೋ, ಹಾರ್ಮೋನಿಯಂ ಹೊಂದಿತೋ, ಚೀಟಿ ಅಂಟಿಸಿಬಿಡುತ್ತದೆ. ಅದಕ್ಕೆ ಶಿಶುನಾಳ ಎಲ್ಲಿದೆ, 1889 ಎಂದರೇನು ಎಂದು ಗೊತ್ತಿಲ್ಲ. ಮೊದಲ ಪದವನ್ನಷ್ಟೇ ಮತ್ತೆ ಹಾಕಿಸಿದೆವು. ಮತ್ತೆ ಚೀಟಿ ಬಂತು. ಸಂದೇಶದ ಕೆಳಗೇ ತಕರಾರು ಸಲ್ಲಿಸುವ ಗುಂಡಿ ಇರುತ್ತದೆ. ಒತ್ತಿ, ನಾಲ್ಕು ಸಾಲು ಬರೆದೆವು: ಪದ 1889ಕ್ಕಿಂತ ಮೊದಲಿನದು, ಧಾಟಿ ಪರಂಪರೆಯದು, ಹಾಡಿದವರು ನಾವೇ. ತಿಂಗಳೊಪ್ಪತ್ತಿಗೆ ಚೀಟಿ ಹೋಯಿತು.

ಆದರೆ ಅಲ್ಲಿ ನನಗೆ ಕಂಡ ಚಿಂತೆ ಬೇರೆಯದು. ಹದಿನಾಲ್ಕು ಜನರ ಆ ಮೇಳದಲ್ಲಿ ಹಳೆ ಧಾಟಿ ಗೊತ್ತಿರುವವರು ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಉಳಿದವರೆಲ್ಲ ಕಲಿತದ್ದು ಕ್ಯಾಸೆಟ್ಟಿನಿಂದ. ಯಾರಿಗೂ ಸೇರದ, ಊರಿಗೆಲ್ಲ ಸೇರಿದ ಧಾಟಿ ಆ ಇಬ್ಬರ ಕೊರಳಲ್ಲಿ ಮಾತ್ರ ಇದೆ. ಇದ್ದ ಒಂದು ವಿಡಿಯೊವನ್ನೂ ಹೆದರಿ ಅಳಿಸಿದ್ದರು.

ನಮ್ಮ ಜಿಲ್ಲೆಯನ್ನೇ ನೋಡಿ. ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಹೆಸರನ್ನು ಅಂಕಿತದಲ್ಲಿಟ್ಟ ಕನಕದಾಸರು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯ. ಅಬಲೂರಿನ ಸರ್ವಜ್ಞ. ಶಿಶುನಾಳದ ಶರೀಫ. ಇವರ ಒಂದು ಮಾತಿಗೂ ಯಾರೂ ಬಾಡಿಗೆ ಕೇಳುವ ಹಾಗಿಲ್ಲ. ಇಷ್ಟು ದೊಡ್ಡ ಗೋಮಾಳ ಇಟ್ಟುಕೊಂಡು ನಾವು ಬೇಲಿಗೆ ಹೆದರಿ ಹೊರಗೆ ನಿಂತಿದ್ದೇವೆ.

ಈಗ ಹಳೆ ಪ್ಲೇಟಿನ ಲೆಕ್ಕ. 1965ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಕ್ಕಿಂತ ಮೊದಲಿನವು ಇನ್ನೂ ಮೊದಲೇ ಮುಗಿದಿವೆ. ಮನಸೂರರ, 'ಗಾಂಧಾರಿ'ಯ ಆ ಕಾಲದ ಧ್ವನಿಮುದ್ರಣಗಳು ನಮ್ಮ ದೇಶದಲ್ಲಿ ಬಿಡುಗಡೆಯಾಗಿ ವರ್ಷಗಳೇ ಆದವು. ಒಂದು ಎಚ್ಚರ ಮಾತ್ರ ಇರಲಿ. ಪ್ಲೇಟು ಬಿಡುಗಡೆಯಾದರೂ ಒಳಗಿನ ಮಾತಿಗೆ ಹಕ್ಕು ಉಳಿದಿರಬಹುದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರವರೆಗೆ. 1950ರ ದಶಕದ ಪ್ಲೇಟಿನಲ್ಲಿ ಬೇಂದ್ರೆ ಪದ್ಯ ಇದ್ದರೆ ದನಿ ಬಿಡುಗಡೆ, ಪದ್ಯ ಇನ್ನೂ ಅಲ್ಲ. ಕಂಪನಿಗಳು ಹಳೆ ಹಾಡಿನ ಗರಗರ ಸದ್ದು ತೆಗೆದು ಹೊಸದಾಗಿ ಸಿಡಿ ಬಿಟ್ಟಿರುತ್ತವೆ. ಅದರಿಂದ ನಕಲು ಮಾಡಬೇಡಿ, ತಕರಾರು ಬರುತ್ತದೆ. ನಿಮ್ಮ ಮನೆಯ ಪ್ಲೇಟಿನಿಂದಲೇ ಮಾಡಿಕೊಳ್ಳಿ.

ಹೊರದೇಶದಲ್ಲಿ ಹೇಗಿದೆ ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಜಾಝ್ ಪ್ಲೇಟುಗಳ ಕಥೆ. ಜಾಝ್ ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ನಮ್ಮ ಹಿಂದೂಸ್ತಾನಿಯ ಹಾಗೆ, ಹಾಡಿನ ಚೌಕಟ್ಟಿನೊಳಗೆ ಅಲ್ಲಿಯೇ ಹೊಸದು ಹುಟ್ಟಿಸುತ್ತ ಹೋಗುವುದು ಅದರ ರೀತಿ. ಒಮ್ಮೆ ನುಡಿಸಿದ್ದು ಮತ್ತೆ ಬಾರದು, ಹಾಗಾಗಿ ಪ್ಲೇಟಿಗೆ ಬಲು ಬೆಲೆ. ಮೊದಲ ಜಾಝ್ ಪ್ಲೇಟು ಬಂದದ್ದು 1917ರಲ್ಲಿ. 1936ರಲ್ಲೇ ಪ್ಯಾರಿಸ್ಸಿನ ಶಾರ್ಲ್ ದೆಲೋನೆ ಎಂಬಾತ ಯಾವ ಪ್ಲೇಟಿನಲ್ಲಿ ಯಾರು ಯಾವ ವಾದ್ಯ ನುಡಿಸಿದರು, ಎಲ್ಲಿ, ಯಾವಾಗ ಎಂದು ಪಟ್ಟಿ ಮಾಡಿ ಪುಸ್ತಕ ತಂದ. ಕಂಪನಿ ಮಾಡದ ಕೆಲಸವನ್ನು ಪ್ಲೇಟು ಕೂಡಿಸುವವರು ಮಾಡಿದರು. ಕಂಪನಿಗಳು ಮುಂದೆ ಹಳೆ ಹಾಡುಗಳನ್ನು ಮರುಬಿಡುಗಡೆ ಮಾಡುವಾಗ ಎಷ್ಟೋ ಸಲ ಇಂಥವರ ಪ್ಲೇಟನ್ನೇ ಕಡ ತಂದದ್ದುಂಟು.

ಅವರಿಗೆ ಅಡ್ಡ ಬಂದದ್ದು ಕಾನೂನು. ಅಮೆರಿಕದ 2018ರ ಕಾನೂನಿನ ಪ್ರಕಾರ 1923ರಿಂದ 1946ರೊಳಗೆ ಬಂದ ಪ್ಲೇಟಿಗೆ 100 ವರ್ಷ ಹಕ್ಕು. ಯುರೋಪಿನಲ್ಲಿ 50 ವರ್ಷ ಇದ್ದಾಗ ಅಲ್ಲಿಯ ಸಣ್ಣ ಕಂಪನಿಗಳು ಅಮೆರಿಕದ 1950ರ ದಶಕದ ಜಾಝ್ ಅನ್ನು ಕಡಿಮೆ ದರಕ್ಕೆ ಒತ್ತಿ ಮಾರಿದವು. ಯುರೋಪಿನ ಒಕ್ಕೂಟ 2011ರಲ್ಲಿ ಅದನ್ನು 70 ವರ್ಷಕ್ಕೆ ಏರಿಸಿತು.

ಅಲ್ಲಿ ಪ್ಲೇಟು ಇದೆ, ಪಟ್ಟಿ ಇದೆ, ಕಾನೂನಿನ ಬಾಗಿಲು ಹಾಕಿದೆ. ನಮ್ಮಲ್ಲಿ ಬಾಗಿಲು ತೆರೆದಿದೆ, ಒಳಗೆ ಹೋಗಿ ನೋಡಿದರೆ ಪ್ಲೇಟೇ ಇಲ್ಲ.

ನಮ್ಮಲ್ಲೂ ಈ ಕೆಲಸ ಮಾಡುವವರಿದ್ದಾರೆ. ಮುಂಬೈಯಲ್ಲಿ 1990ರಲ್ಲಿ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಹುಟ್ಟಿತು, ಪ್ಲೇಟುಗಳ ಬಗ್ಗೆ ಪತ್ರಿಕೆಯನ್ನೇ ತಂದಿತು. ಆದರೆ ಹಾವೇರಿಯ ಅಟ್ಟದ ಮೇಲಿನ ಟ್ರಂಕಿಗೆ ಮುಂಬೈ ದೂರ.

ಅಂಥ ಒಂದು ಟ್ರಂಕು ಬ್ಯಾಡಗಿಯ ಹಳೆಯ ದಲಾಲರ ಮನೆಯಲ್ಲಿದೆ ಎಂದು ಗೊತ್ತಾಗಿ ಹೋಗಿದ್ದೆ. ಹಳೆ ಪ್ಲೇಟಿಗೆ ಲಕ್ಷ ರೂಪಾಯಿ ಬರುತ್ತದೆ ಎಂದು ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿದ್ದರು. ಹಾಗಾಗಿ ಮನೆಯವರು ಮುಟ್ಟಲು ಬಿಡಲಿಲ್ಲ. ಮೂರನೆಯ ಸಲ ಹೋದಾಗ ನಾನು ಹೇಳಿದೆ: "ಪ್ಲೇಟು ನಿಮ್ಮ ಹತ್ರಾನ ಇರ್ಲಿರಿ. ಮಷಿನ್ ನಾನು ಇಲ್ಲಿಗೇ ತರ್ತೀನಿ. ದನಿ ಅಷ್ಟ ಕೊಡ್ರಿ." ಮನೆಯ ಸೊಸೆ ಒಪ್ಪಿಸಿದರು. ಏಳು ಪ್ಲೇಟು, ಹದಿನಾಲ್ಕು ಮಗ್ಗುಲು. ಮೂರು ಮಗ್ಗುಲು ಸೀಳಿದ್ದವು. ಹನ್ನೊಂದು ಸಿಕ್ಕವು. ಅದರಲ್ಲಿ ಒಂದು ನಾಟಕದ ಪದ. ಲೇಬಲ್ಲನ್ನು ಗೆದ್ದಲು ತಿಂದು 'ಹುಬ್ಬಳ್ಳಿ' ಎಂಬ ಅಕ್ಷರ ಮಾತ್ರ ಉಳಿದಿತ್ತು. ಹಾಡಿದ ಹೆಣ್ಣುಮಗಳು ಯಾರೆಂದು ಇವತ್ತಿಗೂ ತಿಳಿದಿಲ್ಲ. ಹಾಡು ಮುಗಿಯುವ ಮುಂಚೆ ಆಕೆ ಒಮ್ಮೆ ಉಸಿರು ಎಳೆದುಕೊಳ್ಳುವುದು ಸ್ಪಷ್ಟ ಕೇಳುತ್ತದೆ. ಕಾನೂನಿನ ಲೆಕ್ಕದಲ್ಲಿ ಆ ದನಿ ಈಗ ನಿಮ್ಮದೂ ನನ್ನದೂ. ಆಕೆಯ ಹೆಸರನ್ನು ಮಾತ್ರ ನಾವು ಕಳೆದುಕೊಂಡಿದ್ದೇವೆ.

ಇಷ್ಟು ಹೇಳಿದೆನೆಂದು, ಎಲ್ಲ ಹಾಡೂ ಪುಕ್ಕಟೆ ಸಿಗಬೇಕು ಎಂಬುದು ನನ್ನ ಮಾತಲ್ಲ. ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ಗೀಗೀ ಪದದ ಹಾಡುಗಾರರು ಕ್ಯಾಸೆಟ್ಟಿನ ಕಾಲದಲ್ಲಿ 1,500 ರೂಪಾಯಿ, ಒಂದು ಚೀಲ ಕ್ಯಾಸೆಟ್ಟು ತೆಗೆದುಕೊಂಡು ಸಹಿ ಹಾಕಿಕೊಟ್ಟರು. ಅವರು ಸ್ವಂತ ಕಟ್ಟಿದ ಪದ ಇವತ್ತು ಜಾತ್ರೆ ಜಾತ್ರೆಯಲ್ಲಿ ಕೇಳುತ್ತದೆ, ಅವರಿಗೆ ಒಂದು ರೂಪಾಯಿ ಬರುವುದಿಲ್ಲ. 2019ರಲ್ಲಿ ವರದಾ ನದಿ ಉಕ್ಕಿದಾಗ ಎದೆಮಟ್ಟದ ನೀರಿನಲ್ಲಿ ನಿಂತು ನಾನು ತೆಗೆದ ಫೋಟೊ ಹೆಸರಿಲ್ಲದೆ ಎಲ್ಲೆಲ್ಲೋ ಬಂತು. ಹೆಸರು ಕೇಳಿ ಬರೆದ ಪತ್ರಕ್ಕೆ ಉತ್ತರವಿಲ್ಲ. ಆ ಹಾಡುಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡಲು ಬರುವುದಿಲ್ಲ. ನಿಮ್ಮ ಊರಿನ ಹುಡುಗರು ಹಾಡು ಕಟ್ಟಿ ಕಂಪನಿಗೆ ಕೊಡುತ್ತಿದ್ದರೆ ಈ ಮಾತು ತಿಳಿಸಿ. ಕಾಗದ ಓದದೆ ಸಹಿ ಹಾಕುವುದು ಬೇಡ.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಕಡೆಯ ಕಾಯಿಗೆ ಆ ಹೆಸರು ಹಚ್ಚಿ ಮಾರುವ ಹಾಗಿಲ್ಲ. ಹೆಸರಿಗೆ ಬೆಲೆ ಇದೆ ಎಂದು ಕಾಯಿ ಬೆಳೆದ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಬದುಕಿರುವವರ ಹಾಡಿಗೆ ಬೆಲೆ ಕೊಡೋಣ. ಎಲ್ಲರದಾದ ಹಾಡನ್ನು ಹೆದರದೆ ಹಾಡೋಣ.

ಕೊನೆಗೆ ಕೆಲಸಕ್ಕೆ ಬರುವ ನಾಲ್ಕು ಮಾತು.

ಮದುವೆಯ ಮೆರವಣಿಗೆ, ಮದುವೆ ಮನೆ, ದೇವರ ಕಾರ್ಯದಲ್ಲಿ ಹಾಡು ಹಚ್ಚಿದರೆ, ಹಾಡಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ ಎಂದು ಕಾಯ್ದೆಯ 52ನೇ ಕಲಮಿನಲ್ಲೇ ಇದೆ. ಯಾರಾದರೂ ದುಡ್ಡು ಕೇಳಲು ಬಂದರೆ ಆ ಕಲಮು ಹೇಳಿ. ಟಿಕೆಟ್ ಇಲ್ಲದೆ ಆಡುವ ಹವ್ಯಾಸಿ ಸಂಘದವರಿಗೂ ಅಲ್ಲಿ ವಿನಾಯಿತಿ ಇದೆ. ಆದರೆ ಅದೇ ಹಾಡನ್ನು ವಿಡಿಯೊ ಮಾಡಿ ಮೊಬೈಲಿಗೆ ಹಾಕುವುದು ಬೇರೆ ಲೆಕ್ಕ.

ಅಟ್ಟದ ಮೇಲೆ ಪ್ಲೇಟು ಸಿಕ್ಕರೆ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಕರಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಒಂದರ ಮೇಲೊಂದು ಒಟ್ಟಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ತಗಡಿನ ಮಾಳಿಗೆಯ ಕೆಳಗೆ ಬಿಸಿಲಿಗೆ ಬಾಗುತ್ತವೆ, ತಂಪಿನಲ್ಲಿಡಿ. ಎಲ್‌ಪಿ ರೆಕಾರ್ಡಿನ ಸಣ್ಣ ಮುಳ್ಳಿನಲ್ಲಿ ಇವನ್ನು ನುಡಿಸಬೇಡಿ, 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು. ಲೇಬಲ್ಲಿನ ಫೋಟೊ ತೆಗೆಯಿರಿ, ಲೇಬಲ್ಲಿನ ಸುತ್ತ ಅರಗಿನಲ್ಲಿ ಕೆತ್ತಿದ ನಂಬರು ಬರೆದುಕೊಳ್ಳಿ. ಯಾರ ಹಾಡು, ಯಾವಾಗಿನದು ಎಂಬ ಗುರುತು ಅದರಲ್ಲಿರುತ್ತದೆ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಇಂಥ ಕಡೆ ಒಂದು ಕೋಣೆ, ಒಂದು ಯಂತ್ರ, ಊರೂರಿನ ಟ್ರಂಕುಗಳಿಂದ ಬಂದ ದನಿಯ ಪಟ್ಟಿ ಇರಬೇಕು ಎನ್ನುವುದು ನನ್ನ ಆಸೆ. ಅಲ್ಲಿಯವರೆಗೆ ಮೊಬೈಲೇ ನಮ್ಮ ಕೋಣೆ. ಬ್ಯಾಡಗಿ ತಾಲ್ಲೂಕಿನ ಆ ಇಬ್ಬರು ಹಿರಿಯರ ಹತ್ತಿರ ನಾನು ಈವರೆಗೆ ಒಂಬತ್ತು ಧಾಟಿ ರೆಕಾರ್ಡ್ ಮಾಡಿಕೊಂಡಿದ್ದೇನೆ, ಪ್ರತಿಯೊಂದರ ಮೊದಲಿಗೂ ಅವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು ಹೇಳಿಸಿ. ಇನ್ನೂ ಇಪ್ಪತ್ತು ಇವೆ ಎಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಹೋಗಬೇಕು.